ಮೂರು ಅಳತೆಯಲ್ಲಿ ಬರೆದವರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಜಾಹೀರಾತಿನ ರೂಪದಲ್ಲಿ. ಮಧ್ಯಾಹ್ನದ ಊಟ ಮುಗಿಸಿ ಬಂದು ಕಂಪ್ಯೂಟರ್ ಮುಂದೆ ಕೂತಿದ್ದೆ. ಆಫೀಸಿನ ಫೋನಿಗೆ ವಾಟ್ಸಪ್‌ನಲ್ಲಿ ಒಂದು ಫೋಟೊ ಬಂತು, ಅದರ ಕೆಳಗೆ ಎಂಟು ಸಾಲು. ಅವರ ಅಳಿಯ ಕಳಿಸಿದ್ದು. ಹೆಸರು, ವಯಸ್ಸು, 'ನಾಪೋಕ್ಲು ಖಾಸಗಿ ಬಸ್ ನಿಲ್ದಾಣದಲ್ಲಿ ದೀರ್ಘಕಾಲ ಏಜೆಂಟರಾಗಿದ್ದ', ದುಃಖತಪ್ತ ಕುಟುಂಬದವರು, ಅಷ್ಟೇ. ಫೋಟೊ ನೋಡಿದ ಮೇಲೂ ನಾನು ಒಂದೂವರೆ ಸಾಲು ಟೈಪ್ ಮಾಡಿಬಿಟ್ಟಿದ್ದೆ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವಳಿಗೆ ಬೆರಳು ಮೊದಲು ಓಡುತ್ತದೆ, ತಲೆ ನಿಧಾನಕ್ಕೆ ಹಿಂದಿನಿಂದ ಬರುತ್ತದೆ. ಬಂದ ಮೇಲೆ ಫೋಟೊವನ್ನು ಇನ್ನೊಮ್ಮೆ ತೆರೆದು ನೋಡಿದೆ.

ಅವರು ಕಾದಂಬರಿ ಬರೆದವರು ಎಂಬುದು ಆ ಎಂಟು ಸಾಲಿನಲ್ಲಿ ಎಲ್ಲೂ ಇರಲಿಲ್ಲ. ನಮ್ಮದೇ ಪತ್ರಿಕೆಯಲ್ಲಿ ಮೂರೂವರೆ ವರ್ಷ ಧಾರಾವಾಹಿಯಾಗಿ ಬಂದದ್ದು ಅದು. ನಾನೇ ಅಳಿಯನಿಗೆ ಫೋನ್ ಮಾಡಿ, "ಕಾದಂಬರಿಕಾರರು ಅಂತ ಒಂದು ಪದ ಸೇರಿಸ್ಲಾ?" ಎಂದು ಕೇಳಿದೆ. ಅಳಿಯ ಪಕ್ಕದಲ್ಲಿದ್ದ ಯಾರನ್ನೋ ವಿಚಾರಿಸಿದರು. "ಬೇಡ್ವಂತೆ ಮೇಡಂ. ಪುಸ್ತಕ ಬರ್ಲೇ ಇಲ್ಲ ಅಲ್ವಾ, ಸುಮ್ನೆ ಎಂತಕ್ಕೆ ಅಂತಾರೆ," ಎಂದರು. ಜಾಹೀರಾತು ಅವರದು, ಸೇರಿಸುವುದು ಬಿಡುವುದು ಅವರಿಷ್ಟ. ಇಲ್ಲಿ ಬರೆಯುತ್ತಿರುವುದು ಮಾತ್ರ ನಾನು. ಆ ಮನುಷ್ಯ ಕಾದಂಬರಿಕಾರರಾಗಿದ್ದರು, ಅದಕ್ಕೆ ನಾನು ಸಾಕ್ಷಿ. ಸಾಕ್ಷಿ ಎಂದರೆ ಎಂಥ ಸಾಕ್ಷಿ ಎಂಬುದನ್ನೂ ಹೇಳುತ್ತೇನೆ. ಅವರ ಹೆಸರು ಹಾಕುವುದಿಲ್ಲ, ಮನೆಯವರಿಗೆ ಇಷ್ಟವಾಗುತ್ತದೋ ಇಲ್ಲವೋ.

ನಮ್ಮದು ಮಡಿಕೇರಿಯಿಂದ ಹೊರಡುವ ಎಂಟು ಪುಟದ ವಾರಪತ್ರಿಕೆ. ನಾನು ಕುಶಾಲನಗರದ ಕಡೆಯವಳು, ಅಜ್ಜನ ಕಾಲದಲ್ಲಿ ಅರಕಲಗೂಡಿನಿಂದ ಬಂದು ನೆಲೆಸಿದ ಮನೆತನ. ದಿನಾ ಬಸ್ಸಿನಲ್ಲಿ ಬೆಟ್ಟ ಹತ್ತಿ ಬಂದು, ಪುಟ ಕಟ್ಟಿ, ಸಾಯಂಕಾಲ ಬೆಟ್ಟ ಇಳಿದು ಹೋಗುತ್ತೇನೆ. ನಮ್ಮಂಥ ಪತ್ರಿಕೆಗಳನ್ನು ಸಾಕುವವರು ಓದುಗರು ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮನ್ನು ಸಾಕುವವರು ಸತ್ತವರು. ಶ್ರದ್ಧಾಂಜಲಿ, ಹನ್ನೊಂದನೇ ದಿನ, ಮೊದಲ ವರ್ಷದ ಪುಣ್ಯಸ್ಮರಣೆ, ಐದನೇ ವರ್ಷದ ಪುಣ್ಯಸ್ಮರಣೆ. ಕೊಡಗಿನಲ್ಲಿ ಪೇಪರಿನಲ್ಲಿ ಫೋಟೊ ಬಾರದೆ ಒಬ್ಬರು ಹೋದರೆಂದರೆ ನೆಂಟರು ಬೇಜಾರು ಮಾಡಿಕೊಳ್ಳುತ್ತಾರೆ. ಆ ಫೋಟೊಗಳೆಲ್ಲ ಬರುವುದು ಆರನೇ ಪುಟಕ್ಕೆ. ಧಾರಾವಾಹಿ ಬರುತ್ತಿದ್ದುದೂ ಅದೇ ಆರನೇ ಪುಟದಲ್ಲಿ.

ನಮ್ಮ ಸಂಪಾದಕರು ಕೆಟ್ಟವರಲ್ಲ, ಆದರೆ ಪುಟದ ವಿಷಯದಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ. "ಸತ್ತೋರು ಮುಂದಿನ ವಾರಕ್ಕೆ ಕಾಯಲ್ಲಮ್ಮ, ಕಥೆ ಕಾಯುತ್ತೆ. ಕಥೆ ತೆಗಿ," ಎನ್ನುತ್ತಿದ್ದರು. ಹಾಗೆ ಅವರ ಮೂರನೇ ಕಂತನ್ನು ನಾನು ತೆಗೆದೆ. ನಾಲ್ಕನೆಯದನ್ನು ಅರ್ಧಕ್ಕೆ ಕತ್ತರಿಸಿದೆ. ಎಲ್ಲಿ ಜಾಗ ಮುಗಿಯಿತೋ ಅಲ್ಲಿಗೆ ಕತ್ತರಿ. ಆ ವಾರ ಕಥೆಯ ಹೆಂಗಸು ಬಾಗಿಲು ತಟ್ಟಲು ಕೈ ಎತ್ತಿದಳು, ಅಲ್ಲಿಗೆ ಕಂತು ನಿಂತಿತು. ಒಳ್ಳೆಯ ಕುತೂಹಲದ ಜಾಗ ಎಂದು ನಾನೇ ಬೆನ್ನು ತಟ್ಟಿಕೊಂಡೆ.

ಮಾರನೇ ದಿನ ಅವರು ಬಂದರು. ಅದೇ ನಾನು ಅವರನ್ನು ಮೊದಲು ನೋಡಿದ್ದು. ಸಣಕಲು ಮನುಷ್ಯ, ಐವತ್ತರ ಮೇಲಿನ ವಯಸ್ಸು, ಕುತ್ತಿಗೆಯಲ್ಲಿ ಬಸ್ಸು ಹೊರಡಿಸುವ, ದಾರ ಕಟ್ಟಿದ ಸೀಟಿ. ಬಸ್ ಸ್ಟ್ಯಾಂಡಿನಿಂದ ನೇರ ಬಂದವರು ಸೀಟಿ ತೆಗೆಯುವುದನ್ನೇ ಮರೆತಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ತಯಾರಾದೆ. ಅವರು ಜಗಳ ಆಡಲಿಲ್ಲ. ಕೊಡೆ ಬಾಗಿಲ ಹೊರಗೆ ಒರಗಿಸಿ ಬಂದು, "ಮೇಡಂ, ಎಷ್ಟು ಜಾಗ ಸಿಗ್ತದೆ ಅಂತ ಮೊದಲೇ ಹೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಅದ್ಹೆಂಗಾಗುತ್ತೆ ಸಾರ್. ಯಾರು ಯಾವಾಗ ಹೋಗ್ತಾರೋ ನಮಗೇನು ಗೊತ್ತು," ಎಂದೆ.

"ಅದೂ ಹೌದು," ಎಂದರು. ನಿಂತು ಆರನೇ ಪುಟವನ್ನು ನೋಡಿದರು. ಸತ್ತವರ ಫೋಟೊಗಳನ್ನು ಒಂದೊಂದಾಗಿ ನೋಡಿದರು, ಒಬ್ಬರನ್ನು ಗುರುತು ಹಿಡಿದು, "ಅಯ್ಯೋ, ಇವರು ನಮ್ಮ ಏಳೂ ನಲ್ವತ್ತರ ಬಸ್ಸಿಗೆ ಬರ್ತಿದ್ರು," ಎಂದು ಬೇಸರ ಮಾಡಿಕೊಂಡರು. ತಮ್ಮ ಕಥೆಯ ಬಗ್ಗೆ ಮತ್ತೇನೂ ಹೇಳದೆ ಹೋದರು.

ಮುಂದಿನ ವಾರ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಮೂರು ಲಕೋಟೆ ಬಂದವು. ಒಂದರ ಮೇಲೆ 'ಫುಲ್', ಇನ್ನೊಂದರ ಮೇಲೆ 'ಹಾಫ್', ಮೂರನೆಯದರ ಮೇಲೆ 'ಕ್ವಾರ್ಟರ್'. ಒಂದೇ ಕಂತು, ಮೂರು ಅಳತೆ. ಸತ್ತವರು ಕಡಿಮೆಯಾದ ವಾರಕ್ಕೆ ಪೂರ್ತಿ, ಎರಡು ಮೂರು ಜನ ಹೋದರೆ ಅರ್ಧ, ಪುಟ ತುಂಬಿದರೆ ಕಾಲು. ಕತ್ತರಿಸಿದ್ದಲ್ಲ, ಮೂರನ್ನೂ ಬೇರೆ ಬೇರೆಯಾಗಿ ಕೂತು ಬರೆದದ್ದು. ಕೊನೆಯ ವಾಕ್ಯ ಮಾತ್ರ ಮೂರರಲ್ಲೂ ಒಂದೇ, ಮುಂದಿನ ವಾರ ಅಲ್ಲಿಂದ ಎತ್ತಿಕೊಳ್ಳಬೇಕಲ್ಲ. ಸಂಪಾದಕರು ಮೂರು ಲಕೋಟೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪ್ರತಿ ಗುರುವಾರ ಆಫೀಸಿನಲ್ಲಿ ಅದೇ ತಮಾಷೆ: "ಏನಮ್ಮ, ನಾಪೋಕ್ಲಿನೋರಿಗೆ ಈ ವಾರ ಫುಲ್ಲಾ, ಕ್ವಾರ್ಟರಾ?"

ಗುರುವಾರ ನಾಲ್ಕು ಗಂಟೆಗೆ ಅವರ ಫೋನ್ ಬರುತ್ತಿತ್ತು. ನಮಸ್ಕಾರ ಗಿಮಸ್ಕಾರ ಇಲ್ಲ. "ಈ ವಾರ ಎಷ್ಟು ಜನ ಮೇಡಂ?" ನಾನು ಲೆಕ್ಕ ಹೇಳುತ್ತಿದ್ದೆ. "ಐದು ಜನ ಸಾರ್, ಒಂದು ದೊಡ್ಡ ಸೈಜು." "ಹಾಗಾದ್ರೆ ಕ್ವಾರ್ಟರ್," ಎಂದು ಅವರೇ ತೀರ್ಪು ಕೊಟ್ಟುಕೊಳ್ಳುತ್ತಿದ್ದರು. ಮಳೆ ಬಿಡದ ಕಕ್ಕಡ ತಿಂಗಳಲ್ಲಿ ವಯಸ್ಸಾದವರು ಜಾಸ್ತಿ ಹೋಗುತ್ತಾರೆ. ಆ ತಿಂಗಳೆಲ್ಲ ಕ್ವಾರ್ಟರೇ. ಬೇಸಿಗೆಯಲ್ಲಿ ಮಾತಾಡಿ, ಅತ್ತು, ಅಡುಗೆ ಮಾಡಿ, ಜಗಳವಾಡಿದ ಜನ ಮಳೆಗಾಲದಲ್ಲಿ ಬಂದರು, ಹೋದರು, ಇಷ್ಟೇ. ಒಂದು ವಾರ ಒಂದೇ ಲಕೋಟೆ ಬಂತು, ಕ್ವಾರ್ಟರ್ ಮಾತ್ರ. ಮರೆತಿರಬೇಕು ಎಂದು ನಾನೇ ಫೋನ್ ಮಾಡಿದೆ. "ಇಲ್ಲ ಮೇಡಂ, ಈ ವಾರ ಜಾಗ ನಮ್ಮ ಅಣ್ಣನಿಗೆ ಬೇಕು. ಸ್ವಲ್ಪ ದೊಡ್ಡ ಫೋಟೊ ಹಾಕಿ," ಎಂದರು. ಅಣ್ಣ ತೀರಿಕೊಂಡ ದಿನವೇ ಕೂತು ಆ ಕ್ವಾರ್ಟರನ್ನು ಬರೆದಿದ್ದರು.

ಕಾದಂಬರಿ ಒಬ್ಬ ಹೆಂಗಸಿನದು. ದೇವಕಿ ಎಂದು ಹೆಸರಿಟ್ಟಿದ್ದರು. ಬಹಳ ವರ್ಷದ ಹಿಂದೆ ಒಂದು ದಿನ ನಾಪೋಕ್ಲು ಸ್ಟ್ಯಾಂಡಿಗೆ ಒಬ್ಬ ಹೆಂಗಸು ಬಂದು, ಕರಿಕೆಗೆ ಹೋಗುವುದು ಹೇಗೆ ಎಂದು ಇವರನ್ನು ಕೇಳಿದ್ದಳಂತೆ. ಕೈಯಲ್ಲಿ ಚೀಲವಿಲ್ಲ, ಜೊತೆಗೆ ಯಾರೂ ಇಲ್ಲ. ಇವರು ಭಾಗಮಂಡಲದ ಬಸ್ಸಿಗೆ ಹತ್ತಿಸಿ, ಅಲ್ಲಿಂದ ಬಸ್ಸು ಬದಲಿಸಿ ಕೊಡಲು ಕಂಡಕ್ಟರಿಗೆ ಹೇಳಿ ಕಳಿಸಿದರು. ಕರಿಕೆ ಎಂದರೆ ಗೊತ್ತಲ್ಲ, ಕೊಡಗಿನ ಕೊನೆ, ಅದರಾಚೆ ಕೇರಳ. ಆಕೆ ಹಿಂದಕ್ಕೆ ಬರಲಿಲ್ಲ. "ಹಿಂದೆ ಬರ್ಲಿಕ್ಕೆ ನಮ್ಮ ಸ್ಟ್ಯಾಂಡೇ ಆಗ್ಬೇಕು ಅಂತ ಇಲ್ಲ, ಮೇಡಂ. ಆದ್ರೂ ನಾನು ನೋಡ್ತಿದ್ದೆ. ಭಾಗಮಂಡಲದ ಬಸ್ ಬಂದಾಗೆಲ್ಲ ಇಳಿಯೋರನ್ನ ನೋಡ್ತಿದ್ದೆ," ಎಂದು ನನಗೆ ಒಮ್ಮೆ ಹೇಳಿದ್ದರು. ಆಕೆ ಯಾಕೆ ಹೋದಳು ಎಂಬುದಕ್ಕೆ ಉತ್ತರ ಹುಡುಕಿಕೊಂಡು ಬರೆಯಲು ಕೂತವರು ಅವರು. ಅದಕ್ಕೆ ಮೊದಲು ಒಂದು ಕಥೆಯನ್ನೂ ಬರೆದವರಲ್ಲ.

ಬರೆಯುತ್ತಿದ್ದುದು ಸ್ಟ್ಯಾಂಡಿನಲ್ಲೇ, ಬಸ್ಸು ಬಸ್ಸಿನ ನಡುವೆ, ಬಸ್ಸು ಬಂದು ಹೋದ ಟೈಮು ಬರೆದಿಟ್ಟ ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ. ಆ ಹಾಳೆಗಳಿಂದ ನನಗೆ ಬಂದ ತಲೆನೋವು ಅಷ್ಟಿಷ್ಟಲ್ಲ. ಮುಂಬದಿಯ ಶಾಯಿ ಹಿಂದಕ್ಕೆ ಇಣುಕುತ್ತಿತ್ತು. ಒಂದು ಸಲ ದೇವಕಿ, "ನಾನು ಇನ್ನು ಹಿಂದಕ್ಕೆ ಹೋಗುವುದಿಲ್ಲ, 7.40," ಎಂದು ಹೇಳಿದಳು. ಬಸ್ಸಿನ ಟೈಮನ್ನು ಸೇರಿಸಿ ಟೈಪ್ ಮಾಡಿದ್ದೆ, ಹಾಗೇ ಅಚ್ಚಾಯಿತು. ಪೇಪರ್ ಕೈಗೆ ಬಂದ ಮೇಲೆ ನೋಡಿ ನಾನು ತಲೆ ಚಚ್ಚಿಕೊಂಡೆ. ಅವರು ಫೋನಿನಲ್ಲಿ ಒಂದು ಮಾತೂ ಬಯ್ಯಲಿಲ್ಲ. ಮುಂದಿನ ಕಂತು ಶುರುವಾದದ್ದು ಹೀಗೆ: ದೇವಕಿ ಗೋಡೆಯ ಗಡಿಯಾರದ ಕಡೆ ತೋರಿಸಿದಳು, ಏಳೂ ನಲವತ್ತು, ಬಸ್ಸು ಹೋಗಿಯಾಗಿತ್ತು.

ಅದು ಅವರ ನಿಯಮ. ಏನು ಅಚ್ಚಾಯಿತೋ ಅಲ್ಲಿಂದಲೇ ಮುಂದಕ್ಕೆ. "ಓದುವವರಿಗೆ ಗೊತ್ತಿಲ್ಲದ್ದು ನಡೆದೇ ಇಲ್ಲ ಮೇಡಂ. ನಾನು ಬರೆದದ್ದು ನನ್ನ ಹತ್ರ ಇರ್ತದೆ, ಅವರಿಗೆ ಅದು ಲೆಕ್ಕಕ್ಕಿಲ್ಲ," ಎನ್ನುತ್ತಿದ್ದರು. ಫುಲ್ ಲಕೋಟೆಯಲ್ಲಿ ದೇವಕಿಗೆ ಜ್ವರ ಬಂದಿದ್ದರೂ ಅಚ್ಚಾದ ಕ್ವಾರ್ಟರಿನಲ್ಲಿ ಬಾರದಿದ್ದರೆ, ಮುಂದಿನ ವಾರ ಆಕೆ ಗಟ್ಟಿಮುಟ್ಟಾಗಿ ನೀರು ಸೇದುತ್ತಿದ್ದಳಂತೆ. ಎಷ್ಟು ಮರ್ಯಾದೆ ಆ ಓದುಗರ ಬಗ್ಗೆ! ನನಗೆ ಗೊತ್ತಿದ್ದ ಮಟ್ಟಿಗೆ ಆ ಓದುಗರು ಇರಲೇ ಇಲ್ಲ. ಏಳೂ ನಲವತ್ತರ ಬಗ್ಗೆ ಒಬ್ಬರೂ ಫೋನ್ ಮಾಡಲಿಲ್ಲ. ಮೂರನೇ ಕಂತೇ ಇರಲಿಲ್ಲವಲ್ಲ, ಅದನ್ನೂ ಯಾರೂ ಕೇಳಲಿಲ್ಲ. ಆರನೇ ಪುಟವನ್ನು ಜನ ಸತ್ತವರಿಗಾಗಿ ನೋಡಿ ಮಡಚಿಡುತ್ತಿದ್ದರು. ಇದನ್ನು ನಾನು ಅವರಿಗೆ ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಎಂದೂ ಹೇಳಲಾರೆ.

ಮೂರೂವರೆ ವರ್ಷದ ಮೇಲೆ ಕಾದಂಬರಿ ಮುಗಿಯಿತು. ಕೊನೆಯ ವಾರ ದೇವರ ದಯೆ, ಒಂದೇ ಒಂದು ಶ್ರದ್ಧಾಂಜಲಿ, ಅದೂ ಸಣ್ಣದು. ಫುಲ್ ಹೋಯಿತು. ಶನಿವಾರ ಅವರು ಇಸ್ತ್ರಿ ಶರ್ಟು ಹಾಕಿಕೊಂಡು, ಆಫೀಸಿಗೆಲ್ಲ ಹಂಚಲು ಹಲಸಿನ ಚಿಪ್ಸ್ ಹಿಡಿದುಕೊಂಡು ಬಂದರು. ಅಂದು ಸೀಟಿ ಇರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಫೋನ್ ಬಂದಾಗೆಲ್ಲ ಅವರ ಕಿವಿ ಅತ್ತ. ಒಂದು ಕರೆ ಬಂತು, ಆರನೇ ಪುಟದ ವಿಷಯವೇ. ಅವರು ಕುರ್ಚಿಯ ತುದಿಗೆ ಬಂದರು. ಶ್ರದ್ಧಾಂಜಲಿಯಲ್ಲಿ ಮೊಮ್ಮಗನ ಹೆಸರು ಬಿಟ್ಟುಹೋಗಿದೆ ಎಂಬ ತಕರಾರು ಅದು.

ಸಂಪಾದಕರು, "ಇನ್ನೊಂದು ಶುರು ಮಾಡಿ ಸಾರ್," ಎಂದರು ಉಪಚಾರಕ್ಕೆ. ಅವರು ನಕ್ಕರು. ಸಂಪಾದಕರು ಎದ್ದು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಮುಗಿಸಿದ್ರೆ ಎಂತದೋ ಆಗ್ತದೆ ಅಂದ್ಕೊಂಡಿದ್ದೆ ಮೇಡಂ. ಎಂತದೂ ಆಗ್ಲಿಲ್ಲ. ಕೊನೇ ಬಸ್ ಬಿಟ್ಟ ಮೇಲೆ ಸ್ಟ್ಯಾಂಡಲ್ಲಿ ಒಬ್ಬನೇ ನಿಂತ ಹಾಗೆ ಉಂಟು. ನಾಳೆ ಬೆಳಿಗ್ಗೆ ಬಸ್ ಇಲ್ಲ, ಅಷ್ಟೇ ವ್ಯತ್ಯಾಸ," ಎಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಸಮಾಧಾನ ಹೇಳಿಕೊಂಡರು. "ಬಿಡಿ, ಪೇಪರಿನದು ಪೇಪರಿಗೆ ಆಯ್ತು. ಒಂದು ಪುಸ್ತಕ ಮಾಡ್ಬೇಕು. ಮೊದಲಿಂದ ಕೊನೇ ತನಕ ಒಬ್ಬರು ಕೂತು ಓದುವ ಹಾಗೆ. ಒಬ್ಬರು ಸಾಕು." ಹೇಳುವಾಗ ಮುಖ ಎಷ್ಟು ಗಂಭೀರವಾಗಿತ್ತು ಎಂದರೆ ನನಗೆ ಚಿಪ್ಸ್ ಅಗಿಯಲು ಸಂಕೋಚವಾಯಿತು.

ಪುಸ್ತಕ ಮಾಡಲು ಹೊರಟಾಗ ತಪ್ಪು ಗೊತ್ತಾದದ್ದು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಂದರು. ನಾವು ವಾರ ವಾರ ವಾಪಸ್ ಕಳಿಸಿದ್ದ ಲಕೋಟೆಗಳಲ್ಲಿ ಫುಲ್ ಎಲ್ಲವನ್ನೂ ಜೋಡಿಸಿ ಓದಿದ್ದರು. ಒಂದಕ್ಕೊಂದು ಸೇರುತ್ತಿರಲಿಲ್ಲ. ಸೇರುವುದಾದರೂ ಹೇಗೆ? ಪ್ರತಿ ಕಂತೂ ಅಚ್ಚಾದದ್ದರಿಂದ ಮುಂದುವರಿದದ್ದು, ಅಚ್ಚಾದದ್ದು ಹೆಚ್ಚಾಗಿ ಹಾಫು, ಕ್ವಾರ್ಟರು. "ಮೂವತ್ತೊಂದನೇ ಕಂತಲ್ಲಿ ದೇವಕಿ ಅಂಗಡಿಯವನ ಹತ್ರ ಹೇಳ್ತಾಳೆ, ನಾನು ಊರಲ್ಲಿ ಒಂದು ಮಗು ಬಿಟ್ಟು ಬಂದಿದ್ದೇನೆ ಅಂತ. ಆ ವಾರ ನೀವು ಕ್ವಾರ್ಟರ್ ಹಾಕಿದ್ದು, ಅದರಲ್ಲಿ ಅದು ಇಲ್ಲ. ಹಾಗಾಗಿ ಅರವತ್ತರಲ್ಲಿ ಪುನಃ ಹೇಳಿಸಿದೆ. ಅದೂ ಕ್ವಾರ್ಟರ್. ಕೊನೆಗೆ ತೊಂಬತ್ತರಲ್ಲಿ ಹೇಳಿಸಿದೆ, ಅದು ಅಚ್ಚಾಯ್ತು. ಈಗ ಫುಲ್ ಓದಿದ್ರೆ ಅವಳು ಅದೇ ಗುಟ್ಟನ್ನ ಅದೇ ಮನುಷ್ಯನಿಗೆ ಮೂರು ಸಲ ಹೇಳ್ತಾಳೆ. ಮೂರು ಸಲವೂ ಅವನು ಹೊಸದಾಗಿ ಕೇಳಿದ ಹಾಗೆ ಗಾಬರಿ ಆಗ್ತಾನೆ."

ನನಗೆ ನಗು ಬಂತು, ನಕ್ಕೂಬಿಟ್ಟೆ. ಅವರೂ ನಕ್ಕರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು, ಅದು ನಗುವಿನ ನೀರಲ್ಲ ಎಂದು ಗೊತ್ತಾಗಿ ನಾನು ನಗು ನಿಲ್ಲಿಸಿದೆ. "ಅಚ್ಚಾದದ್ದನ್ನೇ ಹಾಗೇ ಪುಸ್ತಕ ಮಾಡಿ ಸಾರ್," ಎಂದೆ. ತಲೆ ಅಲ್ಲಾಡಿಸಿದರು. "ಅದರಲ್ಲಿ ಎಂತ ಉಂಟು ಮೇಡಂ, ಮಳೆಗಾಲ ಬಂದಾಗೆಲ್ಲ ಜನ ಎಲುಬು ಚಕ್ಕಳ ಆಗ್ತಾರೆ." ಮೂರೂವರೆ ವರ್ಷ, ವಾರಕ್ಕೆ ಮೂರು ಸಲ ಒಂದೇ ಅಧ್ಯಾಯ. ಕೈಯಲ್ಲಿ ಐನೂರಕ್ಕಿಂತ ಹೆಚ್ಚು ಲಕೋಟೆ, ಕಾದಂಬರಿ ಒಂದೂ ಇಲ್ಲ. ಮೊದಲ ಸಲ ಆಫೀಸಿಗೆ ಬಂದ ದಿನವೇ ಸಂಪಾದಕರ ಜೊತೆ ಜಗಳವಾಡಿ ಒಂದು ಅಳತೆ ಗೊತ್ತು ಮಾಡಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ. ಜಗಳ ಅವರ ಜಾಯಮಾನದಲ್ಲೇ ಇರಲಿಲ್ಲ.

ಮತ್ತೆ ಮೊದಲಿನಿಂದ ಬರೆದರು. ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಖಾಸಗಿ ಬಸ್ಸುಗಳು ಒಂದೊಂದೇ ನಿಂತು, ಏಜೆಂಟರು ಬೇಕಾಗದ ಕಾಲ ಬಂದಿತ್ತು. ಆದರೂ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಅದೇ ಬೆಂಚಿನಲ್ಲಿ ಕೂತು ಬರೆಯುತ್ತಿದ್ದರಂತೆ. ಈಗ ಟ್ರಿಪ್ ಶೀಟ್ ಇಲ್ಲ, ಗೀಟಿನ ಹಾಳೆ, ನೀಲಿ ಶಾಯಿ, ಅಂದವಾದ ಅಕ್ಷರ. ಮುಗಿಸಿ, ನಾರಿನ ಹಗ್ಗದಲ್ಲಿ ಕಟ್ಟಿ, ಕಂಡಕ್ಟರ್ ಕೈಯಲ್ಲಿ ಕಳಿಸದೆ ತಾವೇ ತಂದು ನನ್ನ ಮೇಜಿನ ಮೇಲೆ ಇಟ್ಟರು. ನಲವತ್ತೊಂದು ಅಧ್ಯಾಯ.

"ಇದು ಮುಗಿದದ್ದು ಮೇಡಂ. ಈ ಸಲ ನಿಜವಾಗಿ ಮುಗಿದದ್ದು. ಬಿಡುವಾದಾಗ ಟೈಪ್ ಮಾಡಿ, ಅವಸರ ಇಲ್ಲ. ಆದ್ರೆ ಮೊದಲು ಒಮ್ಮೆ ಓದಿ ನೋಡಿ. ಮೂರೂ ಅಳತೆ ಓದಿದವರು ಲೋಕದಲ್ಲಿ ನೀವು ಒಬ್ಬರೇ. ನಿಮಗೆ ಸರಿ ಅನ್ನಿಸಿದ್ರೆ ಸರಿ."

ಈಗ ನನ್ನ ವಿಷಯ ಹೇಳಬೇಕು. ನಾನು ಓದಿರಲಿಲ್ಲ. ಮೂರೂವರೆ ವರ್ಷ ಅಚ್ಚಾದ ಅವರ ಒಂದೊಂದು ಅಕ್ಷರವನ್ನೂ ನಾನೇ ಟೈಪ್ ಮಾಡಿದ್ದು, ಒಂದು ಕಂತನ್ನೂ ಓದಿರಲಿಲ್ಲ. ಟೈಪ್ ಮಾಡುವವರಿಗೆ ಇದು ಅರ್ಥವಾಗುತ್ತದೆ, ಬೇರೆಯವರಿಗೆ ಕಷ್ಟ. ಕಣ್ಣು ನೋಡುತ್ತದೆ, ಬೆರಳು ಹೊಡೆಯುತ್ತದೆ, ನಡುವೆ ನಾವು ರಾತ್ರಿಯ ಸಾರಿಗೆ ಏನು ಎಂದು ಯೋಚಿಸುತ್ತಿರುತ್ತೇವೆ. ಅದನ್ನು ಆಗಲೇ ಹೇಳಬಹುದಿತ್ತು. "ಸಾರ್, ನಾನು ಓದಿಲ್ಲ, ಈಗ ಓದ್ತೀನಿ," ಎಂದಿದ್ದರೆ ಅವರೇನೂ ಸಿಟ್ಟಾಗುತ್ತಿರಲಿಲ್ಲ. ಅವರು 'ನೀವು ಒಬ್ಬರೇ' ಎಂದದ್ದು ಒಳ್ಳೆಯದೆನಿಸಿ, "ಆಗ್ಲಿ ಸಾರ್," ಎಂದು ಕಟ್ಟನ್ನು ಕಪಾಟಿನಲ್ಲಿಟ್ಟೆ.

ಐದು ತಿಂಗಳು ಅದು ಅಲ್ಲೇ ಇತ್ತು. ಎರಡು ಸಲ ಹೊರಗೆ ತೆಗೆದೆ. ಒಂದು ಸಲ ಹಗ್ಗ ಬಿಚ್ಚುವಷ್ಟರಲ್ಲಿ ಯಾರೋ ಜಾಹೀರಾತು ತಂದರು, ಇನ್ನೊಂದು ಸಲ ನೆಪವೇ ಇರಲಿಲ್ಲ, ಸೋಮಾರಿತನ. ಅವರು ಆಗಾಗ ಫೋನ್ ಮಾಡುತ್ತಿದ್ದರು. ಕಟ್ಟಿನ ಸುದ್ದಿ ಎತ್ತುತ್ತಿರಲಿಲ್ಲ. "ನಿಮ್ಮ ಕುಶಾಲನಗರದಲ್ಲಿ ಮಳೆ ಹೇಗುಂಟು?" ಎನ್ನುತ್ತಿದ್ದರು. "ಇಲ್ಲ ಸಾರ್, ಬರೀ ಮೋಡ," ಎನ್ನುತ್ತಿದ್ದೆ. ಆಮೇಲೆ ಇಡ್ತೇನೆ ಎಂದು ಇಡುತ್ತಿದ್ದರು. ಫೋನ್ ಇಟ್ಟ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು, ಆ ಸಿಟ್ಟು ಅವರ ಮೇಲೂ ಸ್ವಲ್ಪ ತಿರುಗುತ್ತಿತ್ತು.

ಕೊನೆಗೆ ಅವರೇ ಬಂದರು. ಮೈ ಇಳಿದುಹೋಗಿತ್ತು, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರು. ಕೂತು, ನೀರು ಕುಡಿದು, "ಓದಿದ್ರಾ ಮೇಡಂ?" ಎಂದರು.

"ಓದಿದೆ ಸಾರ್. ಚೆನ್ನಾಗಿದೆ."

"ಯಾವ ಜಾಗ?"

ಇದನ್ನು ನಾನು ಎಣಿಸಿರಲಿಲ್ಲ. ಆ ಕಥೆಯಲ್ಲಿ ಇಂಥ ಜಾಗ ಎಂದು ಹೇಳಲು ನನಗೆ ಗೊತ್ತಿದ್ದುದು ಅವರೇ ಅಂದು ನಕ್ಕು ಅತ್ತು ಹೇಳಿದ ಒಂದು ಸಂಗತಿ ಮಾತ್ರ. ಅದನ್ನೇ ಹಿಡಿದುಕೊಂಡೆ. "ಆ ಮಗುವಿನ ಜಾಗ ಸಾರ್. ದೇವಕಿ ಅಂಗಡಿಯವನ ಹತ್ರ ಹೇಳ್ತಾಳಲ್ಲ, ಮಗು ಬಿಟ್ಟು ಬಂದೆ ಅಂತ. ನನಗೆ ಕಣ್ಣಲ್ಲಿ ನೀರೇ ಬಂತು."

ಅವರು ನನ್ನ ಮುಖವನ್ನು ನೋಡಿದರು. "ಮಗುವಾ?" ಎಂದರು. "ಹ್ಞೂಂ ಸಾರ್, ಅದೇ ಮನಸಲ್ಲಿ ಉಳ್ಕೊಂಡಿದೆ," ಎಂದು ನಾನು ಇನ್ನೊಂದು ಸುಳ್ಳನ್ನು ಪೋಣಿಸಿದೆ. ಅವರು ಬೆರಳಿನಿಂದ ಮೇಜಿನ ಅಂಚನ್ನು ಸವರುತ್ತಾ ಕೂತಿದ್ದರು. ಆಮೇಲೆ, "ಒಂದು ಸಣ್ಣ ತಿದ್ದುಪಡಿ ಉಂಟು. ಕಟ್ಟು ಕೊಡಿ, ಪುನಃ ತಂದು ಕೊಡ್ತೇನೆ," ಎಂದರು. ಕಪಾಟಿನಿಂದ ತೆಗೆದು, ಧೂಳು ಕಾಣದ ಹಾಗೆ ಸೆರಗಿನಲ್ಲಿ ಒರೆಸಿ ಕೊಟ್ಟೆ. ಅವರು ಮೆಟ್ಟಿಲು ಇಳಿದು ಹೋದರು. ನಿಜ ಹೇಳುತ್ತೇನೆ, ನನಗೆ ಹಗುರವಾಯಿತು. ಕಪಾಟಿನಲ್ಲಿ ಜಾಗವೂ ಆಯಿತು.

ಅವರು ಮತ್ತೆ ಬರಲಿಲ್ಲ. ಫೋನೂ ಕಡಿಮೆಯಾಯಿತು. ಹತ್ತಿರ ಹತ್ತಿರ ಒಂದೂವರೆ ವರ್ಷದ ಮೇಲೆ ಬಂದದ್ದು ಆ ಎಂಟು ಸಾಲು.

ಜಾಹೀರಾತು ಅಚ್ಚಾದ ಮೇಲಿನ ಭಾನುವಾರ ನಾನು ನಾಪೋಕ್ಲಿಗೆ ಹೋದೆ. ಯಾಕೆ ಹೋದೆನೋ, ಕಟ್ಟು ಇಸಿದುಕೊಂಡು ಟೈಪ್ ಮಾಡಿಕೊಡೋಣ, ಅಷ್ಟಾದರೂ ಮಾಡೋಣ ಎಂದು ಇರಬೇಕು. ಗದ್ದೆಯ ಮೇಲ್ಬದಿಯಲ್ಲಿ ಹೆಂಚಿನ ಸಣ್ಣ ಮನೆ. ಅವರ ಹೆಂಡತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಯಾರೆಂದು ಹೇಳಿದ್ದೇ ತಡ, ಆಕೆ ನನ್ನ ಎರಡು ಕೈಯನ್ನೂ ಹಿಡಿದುಕೊಂಡರು. ಒಳಗೆ ತಿರುಗಿ ಮಗಳಿಗೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಕಾಫಿ ಇಡಲು ಹೇಳಿ, ನನ್ನನ್ನು ಬೆಂಚಿನಲ್ಲಿ ಕೂರಿಸಿದರು.

"ನೀವು ಅಲ್ವಾ ಅಮ್ಮ, ಮಗು ಚೆನ್ನಾಗುಂಟು ಅಂತ ಹೇಳಿದ್ದು?" ಎಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆ ದಿನ ನಿಮ್ಮಲ್ಲಿಂದ ಬಂದವರು ಊಟವೂ ಮಾಡ್ಲಿಲ್ಲ. ಹೊಸದಾಗಿ ಬರೆದದ್ರಲ್ಲಿ ಆ ಮಗುವನ್ನ ಅವರು ತೆಗೆದುಹಾಕಿದ್ರು. ಮಗು ಇದ್ರೆ ಕಥೆ ಸರಿ ಬರೂದಿಲ್ಲ ಅಂತ ಒಂದು ವರ್ಷ ಯೋಚನೆ ಮಾಡಿ ತೆಗೆದದ್ದು. ನಾನು ಕೇಳ್ದೆ, ಹಾಗಾದ್ರೆ ಅವರು ಓದ್ಲಿಲ್ಲ ಅಲ್ವಾ ಅಂತ. ಇಲ್ಲ, ಈ ಕಟ್ಟು ಓದ್ಲಿಲ್ಲ, ಪಾಪ ಕೆಲಸ ಜಾಸ್ತಿ ಇರ್ತದೆ ಅಂದ್ರು. ಆದ್ರೆ ಪೇಪರಲ್ಲಿ ಓದಿದ್ದು ಇಷ್ಟು ವರ್ಷ ಆದ್ರೂ ನೆನಪಿಟ್ಟಿದ್ದಾರೆ, ಓದಿದ ಒಬ್ಬರಿಗೆ ಮಗುವೇ ನೆನಪುಂಟು ಅಂದ್ರೆ ನಾನು ತೆಗೆದದ್ದೇ ತಪ್ಪು ಅಂದ್ರು. ಭಾರೀ ಖುಷಿ ಆಗಿತ್ತು ಅವರಿಗೆ. ಮಾರನೇ ದಿನದಿಂದ ಪುನಃ ಮೊದಲಿಂದ ಬರೀಲಿಕ್ಕೆ ಕೂತ್ರು. ಒಬ್ಬರಾದ್ರೂ ಓದಿದ್ರಲ್ಲ ಅಂತ ಹೋಗುವ ತನಕ ಹೇಳ್ತಿದ್ರು."

ಕಾಫಿ ಬಂತು. ನಾನು ಲೋಟ ಹಿಡಿದು ಕೂತಿದ್ದೆ. ಆಗ ಹೇಳಬೇಕಿತ್ತು, ಹೇಳಲಿಲ್ಲ. ಆ ಹೆಂಗಸಿನ ಮುಖ ನೋಡಿದರೆ ಹೇಳುವ ಧೈರ್ಯ ಯಾರಿಗಾದರೂ ಬರುತ್ತಿತ್ತೋ ಇಲ್ಲವೋ, ನನಗೆ ಬರಲಿಲ್ಲ. "ಹಳೇ ಹಾಳೆ ಎಲ್ಲ ಇದೆಯಾ ಅಮ್ಮ?" ಎಂದು ಕೇಳಿದೆ.

"ಹೊಸತು ಒಂದೊಂದು ಆದ ಹಾಗೆ ಹಳತನ್ನ ಬಚ್ಚಲ ಒಲೆಗೆ ಹಾಕ್ತಿದ್ರು. ಎರಡೆರಡು ಇಟ್ಕೊಂಡ್ರೆ ಪುನಃ ಅದೇ ಗಲಾಟೆ ಆಗ್ತದೆ ಅಂತ. ಉಳಿದದ್ದು ಉಂಟು, ತಕೊಂಡು ಹೋಗಿ. ನಿಮ್ಮ ಹತ್ರ ಇರ್ಲಿ."

ಕಟ್ಟನ್ನು ಮನೆಗೆ ತಂದೆ. ಎರಡು ದಿನ ರಜೆ ಹಾಕಿ ಓದಿದೆ. ಬೆರಳಿಗೆ ಕೆಲಸ ಕೊಡದೆ, ಕಣ್ಣಿನಲ್ಲಿ, ಮೊದಲ ಸಲ. ಇಪ್ಪತ್ತೆರಡನೇ ಅಧ್ಯಾಯದ ತನಕ ಹೊಸದು. ಅದರಲ್ಲಿ ಮಗು ಇದೆ. ಕಷ್ಟಪಟ್ಟು ಸೇರಿಸಿದ್ದು ಎಂದು ಓದುವವರಿಗೆ ಗೊತ್ತಾಗುತ್ತದೆ. ಎಲ್ಲಿ ಹೋದರೂ ದೇವಕಿ ಆ ಮಗುವನ್ನು ನೆನೆಯುತ್ತಾಳೆ, ಅಂಗಡಿಯವನ ಹತ್ತಿರ ಹೇಳಿ ಅಳುತ್ತಾಳೆ, ಕೊನೆಗೆ ಅದನ್ನು ಕರೆತರಲು ಹೊರಡುತ್ತಾಳೆ. ಅಲ್ಲಿಗೆ ಅವರ ಆಯುಷ್ಯ ಮುಗಿದಿತ್ತು. ಇಪ್ಪತ್ತಮೂರರಿಂದ ಹಳೆಯದು. ಅಲ್ಲಿ ಪಕ್ಕದ ಮನೆಯವಳು ತನ್ನ ಕೂಸನ್ನು ಹಿಡಿದುಕೊಳ್ಳಲು ಕೊಟ್ಟರೆ ದೇವಕಿ ಹಿಂದೆ ಸರಿದು, ನನಗೆ ಎತ್ತಿಕೊಳ್ಳಲು ಬರುವುದಿಲ್ಲ, ಎಂದೂ ಎತ್ತಿಲ್ಲ ಎನ್ನುತ್ತಾಳೆ. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತಾಳೆ. ಆ ಒಂದು ಪುಟ ಓದಿ ನಾನು ಹಾಳೆ ಕೆಳಗಿಟ್ಟೆ. ಅವಳಿಗೆ ಬಿಟ್ಟು ಬರಲು ಯಾರೂ ಇರಲಿಲ್ಲ, ಕಾಯುವವರು ಯಾರೂ ಇರಲಿಲ್ಲ. ಎಲ್ಲಿ ಇಳಿದರೂ ಅವಳಿಗೆ ಒಂದೇ, ಅದಕ್ಕೇ ಎಲ್ಲಕ್ಕಿಂತ ಕೊನೆಯ ಊರನ್ನು ಕೇಳಿಕೊಂಡು ಕರಿಕೆಯಲ್ಲಿ ಇಳಿದದ್ದು. ಕೊನೆಯ ಅಧ್ಯಾಯ ಅಷ್ಟನ್ನೇ ಹೇಳುತ್ತದೆ, ಒಂದು ಪದ ಹೆಚ್ಚಿಲ್ಲ. ಮಗುವನ್ನು ತೆಗೆದದ್ದು ಸರಿಯಾಗಿತ್ತು. ಅವರು ಅಷ್ಟು ವರ್ಷ ಹುಡುಕಿದ್ದು ಅವರಿಗೆ ಸಿಕ್ಕಿತ್ತು.

ಈಗ ಇದನ್ನು ಜೋಡಿಸಲು ಯಾರಿಂದಲೂ ಆಗುವುದಿಲ್ಲ. ಮೊದಲರ್ಧದಲ್ಲಿ ತಾಯಿ, ಉಳಿದರ್ಧದಲ್ಲಿ ಮಗುವನ್ನೇ ಮುಟ್ಟದವಳು. ಆ ಉಳಿದರ್ಧಕ್ಕೆ ಸೇರಬೇಕಾದ, ಈಗ ಒಲೆಯಲ್ಲಿ ಬೂದಿಯಾದ ಇಪ್ಪತ್ತೆರಡು ಅಧ್ಯಾಯಗಳು ಐದು ತಿಂಗಳು ನನ್ನ ಕಪಾಟಿನಲ್ಲಿದ್ದವು. ಆಗ ಅವರ ಕಾದಂಬರಿ ಮುಗಿದಿತ್ತು. ನಾನು ಓದಿದ್ದರೆ ಮುಗಿದೇ ಇರುತ್ತಿತ್ತು.